ಕೆಂಪಾಗದ ಅರಿಸಿನ ನೀರು

೧೯೧೨ ಫೆಬ್ರವರಿ ೧೪, ಬುಧವಾರ. ಚಳ್ಳಕೆರೆ.

ನಾನು ಹುಡುಗಿಯರಿಗೆ ಕಲಿಸಿದ್ದ ಬಣ್ಣದ ಪ್ರಯೋಗವನ್ನು ಹೋದ ವರ್ಷ ಹೆಡ್‌ಮಾಸ್ತರ್ ಬೊಮ್ಮಲಿಂಗಪ್ಪನವರು ಶಾಲಾ ಇನ್ಸ್‌ಪೆಕ್ಟರ ಮುಂದೆ ತಮ್ಮದೆಂದು ತೋರಿಸಿ ಹೊಗಳಿಸಿಕೊಂಡರು. "ಹೆಂಗಸಿಗೆ ಇದೆಲ್ಲಾ ಎಲ್ಲಿ ತಿಳೀತೈತೆ ಬಿಡ್ರಿ" ಎಂದು ನನ್ನೆದುರೇ ನಕ್ಕರು. ಆ ನಗುವನ್ನು ನಾನು ಒಂದು ದಿನವೂ ಮರೆತಿರಲಿಲ್ಲ.

ಇವತ್ತು ಇನ್ಸ್‌ಪೆಕ್ಟರು ಮತ್ತೆ ಬಂದರು. ಬೆಳಿಗ್ಗೆಯೇ ನಾನು ಸುಣ್ಣದ ತಿಳಿನೀರಿನ ಸೀಸೆ ಖಾಲಿ ಮಾಡಿ, ಬರೀ ನೀರು ತುಂಬಿಟ್ಟಿದ್ದೆ. ಮಾಸ್ತರರು ಅದನ್ನು ಗತ್ತಿನಿಂದ ಅರಿಸಿನದ ನೀರಿಗೆ ಸುರಿದು, "ಈಗ ಕೆಂಪಾಗ್ತೈತೆ, ನೋಡ್ರಿ" ಎಂದರು. ಆಗಲಿಲ್ಲ. ಇನ್ನಷ್ಟು ಸುರಿದರು. ಹುಡುಗಿಯರು ಕಿಸಕ್ಕೆಂದರು. ಮಾಸ್ತರರ ಹಣೆ ಬೆವರಿತು.

ನಾನು ಎದ್ದು, ಬೇರೆ ಸೀಸೆಗೆ ಬಗ್ಗಿಸಿ ಬಚ್ಚಿಟ್ಟಿದ್ದ ಸುಣ್ಣದ ತಿಳಿ ಹಾಕಿದೆ. ನೀರು ಕೆಂಪಾಯಿತು. ನಿಂಬೆ ಹಿಂಡಿದೆ, ಮತ್ತೆ ಹಳದಿಯಾಯಿತು. ಇನ್ಸ್‌ಪೆಕ್ಟರು ಉಚ್ಚಂಗೆಮ್ಮ ಎಂದು ನನ್ನ ಹೆಸರು ಬರೆದುಕೊಂಡರು.

ಸಂಜೆ ಮಾಸ್ತರರು ಬಾಗಿಲಲ್ಲಿ ಅಡ್ಡ ನಿಂತರು.

"ನೀನೇ ಏನಮ್ಮಾ ಬದಲಾಯಿಸಿದ್ದು?"

"ಹೂಂ ರೀ, ನಾನೇ."

"ಆ ಮೂಲೆ ಪರಶುರಾಂಪುರಕ್ಕೆ ವರ್ಗ ಮಾಡಿಸ್ತೀನಿ, ನೋಡ್ತಿರು!"

"ಮಾಡಿಸ್ರಿ. ಅಲ್ಲೂ ಅರಿಸಿನ, ಸುಣ್ಣ ಸಿಗ್ತಾವೆ."

ಪಶ್ಚಾತ್ತಾಪವಾದೀತೆಂದು ಇಷ್ಟು ಹೊತ್ತು ಕಾದೆ. ಆಗಲಿಲ್ಲ. ವರ್ಗವಾದರೆ ಅವ್ವನಿಗೆ ಏನು ಹೇಳಲಿ ಎಂಬುದೊಂದೇ ಯೋಚನೆ. ಆದರೂ ಆ ಬೆವರಿದ ಮುಖ ನೆನಪಾದಾಗಲೆಲ್ಲ ನಗು ಬರುತ್ತಿದೆ.