ಬಲಗೈಯ ಗವಸು

ತಮ್ಮಾ,

ನಿಂತಲ್ಲಿಂದ ಹತ್ತು ಹೆಜ್ಜೆ ಈಚೆ ಬಂದು, ಆಮೇಲೆ ಇದನ್ನು ಓದು. ಜಗಳ ಸಂಜೆ ಆಡೋಣ.

ನಿವೃತ್ತಿಯಾದ ಮೇಲೂ ಅಪ್ಪ ದಿನಾ ಬೆಳಗ್ಗೆ ಹಡಗುಕಟ್ಟೆಗೆ ಬರುತ್ತಿದ್ದುದಕ್ಕೆ, “ಮೂವತ್ತು ವರ್ಷ ಮೂಟೆ ಹೊತ್ತಿದ್ದು ಸಾಲ್ದಾ? ನನ್ ಮಾನ ತೆಗೀಬೇಡಿ” ಎಂದು ನೀನು ರೇಗಿದ್ದೆ. ಮಾರನೆಯ ದಿನದಿಂದ ಅವರು ನಿನಗಿಂತ ಅರ್ಧ ಗಂಟೆ ಮುಂಚೆಯೇ ಬರತೊಡಗಿದರು.

ನನ್ನಿಂದ ಉಣ್ಣೆಯ ಕೈಗವಸು ಹೆಣೆಸಿಕೊಳ್ಳುತ್ತಿದ್ದರು, ಬಲಗೈಯದು ಮಾತ್ರ. ಅರಳುಮರಳು ಎಂದುಕೊಂಡಿದ್ದೆ. ಈ ಚೀಟಿ ತಂದಿರುವ ಗೇಟಿನ ಕಾವಲು ಮಾವ ನಿನ್ನೆ ಮನೆಗೆ ಬಂದು ಹೇಳಿದರು: “ನಿನ್ ತಮ್ಮ ಕೆಳಗೆ ನಿಲ್ಲೋ ಕ್ರೇನಿನ ಉಕ್ಕಿನ ಹಗ್ಗಾನ ದಿನಾ ಆ ಗವಸಲ್ಲಿ ಸವರೋರಮ್ಮ. ಒಂದು ತಂತಿ ಕಿತ್ತಿದ್ರೂ ಉಣ್ಣೆ ಸಿಕ್ಕೊಳ್ಳುತ್ತೆ. ಅವತ್ತೂ ಸವರಿದ್ರು. ಯಾಕೋ ಆಫೀಸಿನ ಕಡೆ ಓಡಿದ್ರು, ಮೆಟ್ಟಿಲ ಮೇಲೇ ಎದೆ ಹಿಡ್ಕೊಂಡು ಕೂತ್ಬಿಟ್ರು.”

ರಜೆ ಮುಗಿಸಿ ಇವತ್ತು ನೀನು ಹೊರಟ ಮೇಲೆ, ಅಪ್ಪ ತೀರಿಕೊಂಡ ದಿನ ತೊಟ್ಟಿದ್ದ ಅಂಗಿಯನ್ನು ಒಗೆಯಲು ತೆಗೆದೆ. ಜೇಬಿನಲ್ಲಿ ಗವಸು ಇತ್ತು. ಅಂಗೈಯ ಉಣ್ಣೆಯೆಲ್ಲ ಕಿತ್ತುಬಂದಿದೆ. ಅದನ್ನು ಮೇಸ್ತ್ರಿಗೆ ತೋರಿಸು. ನಕ್ಕರೆ ನಗಲಿ. ಹೊಸದೊಂದನ್ನೂ ಕಳಿಸಿದ್ದೇನೆ, ಅವರ ಕಣ್ಣೆದುರೇ ಹಗ್ಗ ಸವರಿಸು.

ಒಂಬತ್ತು ದಿನದಿಂದ ಆ ಹಗ್ಗವನ್ನು ಯಾರೂ ಮುಟ್ಟಿ ನೋಡಿಲ್ಲ. ಇಲ್ಲಿಂದ ಕ್ರೇನ್ ಕಾಣುತ್ತಿದೆ, ಇನ್ನೂ ಮೂಟೆ ಎತ್ತುತ್ತಿದೆ. ಅದು ನಿಲ್ಲುವವರೆಗೂ ನಾನು ಏಳುವುದಿಲ್ಲ.

ಗೇಟಿನ ಹೊರಗೆ, ಅಪ್ಪ ಕೂರುತ್ತಿದ್ದ ಕಲ್ಲಿನ ಮೇಲಿಂದ,
ನಿನ್ನ ಅಕ್ಕ