ರಾಯಭಾರಿಯ ಮೇಲಿನ ಭಾರ

ಮಾರ್ಚ್ ೧೧, ಮಂಗಳವಾರ

ಇಂದೂ ಗೇಟಿನಾಚೆ ನಮ್ಮ ಪೊಲೀಸರು. ಬಂದರಿನ ಮುಷ್ಕರದಲ್ಲಿ ಲಾಠಿ ತಪ್ಪಿಸಿಕೊಂಡು ಈ ಪರದೇಶದ ರಾಯಭಾರ ಕಚೇರಿ ಹೊಕ್ಕಂದಿನಿಂದ ಇದರ ಕಾಂಪೌಂಡೇ ನನ್ನ ಜೈಲು.

ಊಟಕ್ಕೆ ಕೂತಾಗ ರಾಯಭಾರಿ ಇತಿಹಾಸ ತೆಗೆದರು. ಹಿಂದೆ ರಾಜರು ಪರರಾಜ್ಯದ ದೂತನನ್ನು ಕೊಲ್ಲುತ್ತಿರಲಿಲ್ಲವಂತೆ, ಒತ್ತೆ ಇಟ್ಟುಕೊಳ್ಳುತ್ತಿದ್ದರಂತೆ.

"ಈಗ ಒತ್ತೆ ಯಾರು ಸಾರ್?" ಎಂದೆ.

ಅವರು ನನ್ನ ಹೆಸರಲ್ಲಿ ನಮ್ಮ ಸರ್ಕಾರಕ್ಕೆ ಬರೆಸಿದ್ದ ಕ್ಷಮಾಪಣೆ ಪತ್ರ ಮುಂದಿಟ್ಟರು. "ಸಹಿ ಹಾಕಿಬಿಡಿ. ನಿಮ್ಮಿಂದಾಗಿ ನಮ್ಮೆರಡು ದೇಶಗಳ ಬಂದರಿನ ಒಪ್ಪಂದ ತಡೆದು ನಿಂತಿದೆ. ನಾಳೆಯಾಚೆ ನಿಮ್ಮನ್ನ ಇಟ್ಕೊಳ್ಳೋದು ಕಷ್ಟ."

ಅವರು ಎದ್ದುಹೋದ ಮೇಲೆ ಅಡುಗೆಯಕ್ಕ ತಟ್ಟೆ ಎತ್ತುತ್ತಾ ಅಂದಳು: "ಅವರು ರಾಯನ ಭಾರ ಹೊತ್ತೋರು. ನೀನು ಅವರ ಮೇಲಿನ ಭಾರ ಕಣಮ್ಮ."

ನಗು ಬಂತು. ನನ್ನನ್ನೂ ಕಳಿಸಿದವರಿದ್ದಾರೆ, ಬಂದರಿನ ಹಮಾಲರು. ಕೂಲಿ ಕೇಳು ಎಂದರು, ಕ್ಷಮೆ ಕೇಳು ಎನ್ನಲಿಲ್ಲ. ಹೇಳಿಕಳಿಸಿದ ಮಾತು ಬದಲಿಸುವ ಹಕ್ಕು ದೂತೆಗಿಲ್ಲ. ಸಹಿ ಹಾಕಲಿಲ್ಲ. ನಾಳೆ ಗೇಟು ತೆಗೆದರೆ ಪೊಲೀಸರ ಮುಂದೆಯೂ ಕೂಲಿಯನ್ನೇ ಕೇಳುತ್ತೇನೆ.