ಹ್ಯಾಂಡ್‌ಓವರ್‌ನಲ್ಲಿ ಹೇಳದ ಮಾತು

ಜೂನ್ 9, ಸೋಮವಾರ

ಮತ್ತೆ ಮಾಗಡಿ ರೋಡ್ ಜಾಮ್. ಸುಂಕದಕಟ್ಟೆಯಿಂದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹ್ಯಾಂಡ್‌ಓವರ್ ಅರ್ಧ ಮುಗಿದಿತ್ತು. ಇನ್‌ಚಾರ್ಜ್ ಲಕ್ಷ್ಮಿ ಸಿಸ್ಟರ್ ಕಣ್ಣಲ್ಲೇ ಬೈದರು. ಈಗ ಅವರದೊಂದು ಹೊಸ ಪದ್ಧತಿ — ಡ್ಯೂಟಿ ಬದಲಾಗುವಾಗ ಪೇಷಂಟ್ ‘ಶಾಂತ’, ‘ಗಲಿಬಿಲಿ’ ಎಂದು ತೇಲಿಸುವಂತಿಲ್ಲ. ಪೇಷಂಟ್ ಆಡಿದ ಮಾತನ್ನೇ ಹಾಸಿಗೆ ಪಕ್ಕ ನಿಂತು ಹೇಳಬೇಕು. ಐಸಿಯುನಲ್ಲಿ ಕೂಗಾಡುವವರ ಡೆಲಿರಿಯಂ, ಅಂದರೆ ಕಾಯಿಲೆಯಿಂದ ಬರುವ ಬುದ್ಧಿಭ್ರಮೆ, ಎಲ್ಲರಿಗೂ ಕಾಣುತ್ತದೆ, ಸುಮ್ಮನೆ ಮಲಗಿ ಮಂಕಾದವರದ್ದು ಯಾರ ಕಣ್ಣಿಗೂ ಬೀಳುವುದಿಲ್ಲವಂತೆ. ಸರಿ. ಇರುವ ಕೆಲಸವೇ ಕುತ್ತಿಗೆ ತನಕ ಇದೆ…

ಮೂಲೆಯ ಬೆಡ್‌ಗೆ ಬಸವ್ವ ಬಂದಿದ್ದಾರೆ. ರಾಣೆಬೆನ್ನೂರು ಕಡೆಯವರು. ಇಲ್ಲಿ ಬಸವೇಶ್ವರನಗರದಲ್ಲಿ ಮಗ ಕೊಟ್ರೇಶ್ ಮನೆ. ನ್ಯುಮೋನಿಯಾ. ತಕರಾರಿಲ್ಲದ ಪೇಷಂಟ್ ಎಂದು ಹೇಳಿ ನೈಟ್ ಡ್ಯೂಟಿಯ ರಮ್ಯ ಹೊರಟಳು.

ಜೂನ್ 10, ಸಂಜೆ

ತಕರಾರಿಲ್ಲ, ನಿಜ. ಇಡೀ ದಿನ ಸೂರು ನೋಡುತ್ತಾ ಮಲಗಿರುತ್ತಾರೆ. ಬಿಪಿ ನೋಡಲು ಬಗ್ಗಿದಾಗ ಮಾತ್ರ ನನ್ನ ಕೆನ್ನೆ ಮುಟ್ಟಿ, ಮೆಲ್ಲಗೆ —

"ಗಿರಿಜಾ, ಉಂಡಿಯೇನ? ಮಾರಿ ಯಾಕ ಸಣ್ಣ ಮಾಡೀ?"

ಗಿರಿಜಾ ಅವರ ಮಗಳಂತೆ. ಊರಿನಲ್ಲಿದ್ದಾಳೆ. ನಾನು ಅವಳಲ್ಲ ಎನ್ನಬೇಕಿತ್ತು. ಎನ್ನಲಿಲ್ಲ. ಉಂಡೆ ಎಂದೆ.

ಅಮ್ಮ ಹೋದಾಗ ನಾನು ಸೆಕೆಂಡ್ ಪಿಯುಸಿ. ಆಮೇಲೆ ನನ್ನ ಮುಖ ಸಣ್ಣಗಾದದ್ದನ್ನು ಯಾರೂ ಕೇಳಿಲ್ಲ. ಅಪ್ಪನಿಗೆ ನನ್ನ ಶಿಫ್ಟೇ ನೆನಪಿರುವುದಿಲ್ಲ, ಪಾಪ.

ಹ್ಯಾಂಡ್‌ಓವರ್‌ನಲ್ಲಿ ‘ಶಾಂತವಾಗಿದ್ದಾರೆ’ ಎಂದುಬಿಟ್ಟೆ.

ಜೂನ್ 11

ಬೇಕೆಂದೇ ದಿಂಬು ಸರಿಮಾಡುವ ನೆಪದಲ್ಲಿ ಮತ್ತೆ ಮತ್ತೆ ಹೋದೆ. ನಾಚಿಕೆಯಾಗಬೇಕು ನನಗೆ. ಕೂದಲು ಸವರಿ, ಎಣ್ಣೆ ಕಾಣದ ತಲೆ ಎಂದು ಬೈದರು. ಬೈಸಿಕೊಳ್ಳುವುದು ಇಷ್ಟು ಹಿತವಾಗಿರುತ್ತದೆ ಎಂದು ಮರೆತೇಹೋಗಿತ್ತು.

ಮಧ್ಯಾಹ್ನ ಗಂಜಿಯನ್ನು ಬಾಯಲ್ಲಿಟ್ಟುಕೊಂಡು ನುಂಗುವುದನ್ನೇ ಮರೆತರು. ನೆತ್ತಿಗೇರಿತು. ಆಕ್ಸಿಜನ್ ಇಳಿಯಿತು. ಸಕ್ಷನ್ ಪೈಪ್ ಹಾಕಿ ಎಲ್ಲ ಹೀರಿ ತೆಗೆದೆ. ಇದು ಕಾಯಿಲೆ. ಗೊತ್ತಿತ್ತಲ್ಲ ನನಗೆ…

ಹೊರಡುವಾಗ ಹಾಸಿಗೆ ಪಕ್ಕ ನಿಂತು ಹೇಳಿದೆ — ನಿನ್ನೆಯಿಂದ ನನ್ನನ್ನು ಮಗಳು ಎಂದುಕೊಂಡಿದ್ದಾರೆ. ಅವರ ಮಾತನ್ನು ಹಾಗೇ ಒಪ್ಪಿಸಿದೆ. ರಮ್ಯ ಬರೆದುಕೊಂಡಳು. ನನಗೆ ಸಿಕ್ಕಿದ್ದನ್ನು ನಾನೇ ಕೈಯಾರೆ ಕೊಟ್ಟುಬಿಟ್ಟ ಹಾಗಾಯಿತು.

"ನಿನ್ನೆನೇ ಹೇಳ್ಬೇಕಿತ್ತು ಕಣೇ ಕುಸುಮಾ" ಎಂದರು ಲಕ್ಷ್ಮಿ ಸಿಸ್ಟರ್, ಅಷ್ಟೆ. ಆಮೇಲೆ ನನ್ನಿಂದಲೇ ಡೆಲಿರಿಯಂ ಪರೀಕ್ಷೆ ಮಾಡಿಸಿದರು. ಬಸವ್ವನ ಕೈ ಹಿಡಿದು ಒಂದೊಂದೇ ಅಕ್ಷರ ಹೇಳಬೇಕು, ‘ಅ’ ಎಂದಾಗ ಮಾತ್ರ ಅವರು ಕೈ ಒತ್ತಬೇಕು. ಬಸವ್ವ ಹಿಡಿದ ಕೈ ಬಿಡಲೇ ಇಲ್ಲ.

ಡೆಲಿರಿಯಂ ಇದೆ ಎಂದು ಚಾರ್ಟಿನಲ್ಲಿ ನಾನೇ ಬರೆದೆ.

ಜೂನ್ 12

ಡಾಕ್ಟರ್ ನಿದ್ದೆ ಔಷಧಿ ನಿಲ್ಲಿಸಿದರು. ಕೊಟ್ರೇಶ್ ಅವರು ತಾಯಿಯ ಕನ್ನಡಕ, ಕಿವಿ ಮಿಷಿನ್ ತಂದುಕೊಟ್ಟರು. ಮನೆಯಲ್ಲೇ ಇದ್ದವಂತೆ. ಇಷ್ಟು ದಿನ ತನ್ನಿ ಎಂದು ನಾವ್ಯಾರೂ ಹೇಳಿರಲಿಲ್ಲ. ಬೆಡ್ ಕಿಟಕಿ ಪಕ್ಕಕ್ಕೆ ಬಂತು.

ಹೋದಾಗಲೆಲ್ಲ ಇದು ಆಸ್ಪತ್ರೆ, ನಾನು ಕುಸುಮಾ, ನರ್ಸ್ ಎಂದು ಹೇಳಬೇಕು. ಹೇಳಿದೆ. ನಕ್ಕು, ಗಿರಿಜಾ ಎಂದರು. ಖುಷಿಯಾಯಿತು. ಆಗಬಾರದಿತ್ತು, ಆಯಿತು.

ಜೂನ್ 16, ಸೋಮವಾರ

ಮೂರು ದಿನ ನಾನೇ ಜ್ವರ ಬಂದು ಮಲಗಿದ್ದೆ, ಇವತ್ತು ಡ್ಯೂಟಿಗೆ. ಬಸವ್ವ ಎದ್ದು ಕುಳಿತು ಇಡ್ಲಿ ತಿನ್ನುತ್ತಿದ್ದಾರೆ! ಪರೀಕ್ಷೆಯಲ್ಲಿ ಒಂದೂ ತಪ್ಪಿಲ್ಲವೆಂದು ರಮ್ಯ ಹಿಗ್ಗಿ ಹಿಗ್ಗಿ ಹೇಳಿದಳು. ನಾನೂ ಹಿಗ್ಗಿದೆ, ಸುಳ್ಳಲ್ಲ.

ಬಿಪಿ ಪಟ್ಟಿ ಕಟ್ಟುವಾಗ ಸ್ವಲ್ಪ ಹೆಚ್ಚೇ ಬಗ್ಗಿದೆ. ಬಸವ್ವ ಕನ್ನಡಕದೊಳಗಿಂದ ನನ್ನನ್ನು ನೋಡಿ, ಹೊದಿಕೆ ಸರಿಮಾಡಿಕೊಂಡರು.

"ಭಾಳ ಚಂದ ನೋಡ್ಕೊಂಡ್ರಿ ಸಿಸ್ಟರ್. ನಿಮ್ಮ ತಾಯಿ ಆರಾಮ ಅದಾರೇನ್ರಿ?"

ಆರಾಮಾಗಿದ್ದಾರೆ ಎಂದೆ.

ನಾಳೆ ಬೆಳಿಗ್ಗೆ ಅವರನ್ನು ವಾರ್ಡಿಗೆ ಕಳಿಸುತ್ತಾರೆ. ಹೋಗುವ ಮುಂಚೆ ನಿಜ ಹೇಳಿಬಿಡಲೇ? ಅಮ್ಮ ಇಲ್ಲ, ಆ ಮೂರು ದಿನ ನೀವೇ—